ಗೋಪುರ ಆಮೇಲೆ, ಖಾನಾವಳಿ ಮೊದಲು: ಮಂತ್ರಶಾಲೆಯ ಸುತ್ತ ಒಂದು ಊರು ಕಟ್ಟುವುದು ಹೇಗೆ

ಮೊದಲ ಸಲ ಫ್ಯಾಂಟಸಿ ಕಾದಂಬರಿ ಬರೆಯಲು ಕೂತಾಗ ನಾನು 200 ಪುಟದ ನೋಟ್‌ಬುಕ್ ತಂದೆ. ಮೊದಲ ಹಾಳೆಯಲ್ಲೇ ಒಂದು ಗೋಪುರ ಬಿಡಿಸಿದೆ. ಏಳು ಅಂತಸ್ತು, ತುದಿಯಲ್ಲಿ ನೀಲಿ ಬೆಂಕಿ, ಅಂತಸ್ತಿಗೆ ಒಬ್ಬ ಮಾಂತ್ರಿಕ ಗುರು. ಗುರುಗಳ ಗಡ್ಡ ಎಷ್ಟುದ್ದ ಅನ್ನುವುದನ್ನೂ ಬಿಡದೆ ಬರೆದಿಟ್ಟೆ. 40 ಪುಟ ಆದ ಮೇಲೆ ಗೆಳೆಯನಿಗೆ ಕೊಟ್ಟೆ. ಅವನು ತಿರುವಿಹಾಕಿ ಒಂದೇ ಪ್ರಶ್ನೆ ಕೇಳಿದ: "300 ಹುಡುಗರು ಓದ್ತಾರೆ ಅಂತೀಯ. ಇವರೆಲ್ಲ ಊಟ ಎಲ್ಲಿ ಮಾಡ್ತಾರೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋಪುರದ ಸುತ್ತ "ಒಂದು ಭವ್ಯ ನಗರ" ಅಂತ ಬರೆದು ಕೈ ತೊಳೆದುಕೊಂಡಿದ್ದೆ. ಆ ಭವ್ಯ ನಗರದಲ್ಲಿ ಒಂದು ಕಿರಾಣಿ ಅಂಗಡಿ ಇರಲಿಲ್ಲ, ಚರಂಡಿ ಇರಲಿಲ್ಲ, ಬಾಡಿಗೆ ಕೇಳಲು ಬರುವ ಮನೆ ಮಾಲೀಕನೂ ಇರಲಿಲ್ಲ.

ನಾಚಿಕೆ ಆಗಬೇಕಾದ ವಿಷಯ ಇದು. ಯಾಕಂದ್ರೆ ನಾನು ಓದಿದ್ದು ಧಾರವಾಡದಲ್ಲಿ. ಶಾಲೆಯ ಸುತ್ತ ಊರು ಹೇಗೆ ಬೆಳೆಯುತ್ತದೆ ಅನ್ನುವುದು ಅಲ್ಲಿ ಬೀದಿಯಲ್ಲೇ ಕಾಣುತ್ತದೆ. ರೂಮು ಬಾಡಿಗೆಗೆ ಕೊಡುವವರು, ಜೆರಾಕ್ಸ್ ಅಂಗಡಿಯವರು, ಖಾನಾವಳಿಯವರು, ಹಳೇ ಪುಸ್ತಕ ಮಾರುವವರು. ಇವರನ್ನೆಲ್ಲ ದಿನಾ ನೋಡಿಯೂ, ಕತೆ ಬರೆಯುವಾಗ ಗೋಪುರ ಬಿಡಿಸಿದೆನಲ್ಲ!

ನೋಟ್‌ಬುಕ್ ಬದಿಗಿಟ್ಟು ಮತ್ತೆ ಶುರು ಮಾಡಿದೆ. ಎರಡನೇ ಸಲ ಹೇಗೆ ಕಟ್ಟಿದೆ ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ನನ್ನದೇ ಊರು, ಹೊತ್ತಗೇರಿ. ನಕ್ಷೆಯಲ್ಲಿ ಹುಡುಕಬೇಡಿ, ಅದು ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಇದೆ. ನೀವು ಕಾದಂಬರಿ ಬರೆಯುತ್ತಿರಬಹುದು, ಆಟಕ್ಕೆ ಊರು ಬೇಕಾಗಿರಬಹುದು, ಮಕ್ಕಳಿಗೆ ಕತೆ ಹೇಳಲು ಇರಬಹುದು. ಕೆಲಸ ಹೆಚ್ಚುಕಮ್ಮಿ ಒಂದೇ.

ಹೆಜ್ಜೆ 1: ಮಂತ್ರಕ್ಕೆ ಬೆಲೆ ಕಟ್ಟಿ

ಮಂತ್ರ ಪುಕ್ಕಟೆ ಸಿಕ್ಕರೆ ಊರು ಹುಟ್ಟುವುದಿಲ್ಲ. ಚಿಟಿಕೆ ಹೊಡೆದರೆ ಅನ್ನ ಬರುತ್ತದೆ ಅಂದರೆ ಅಕ್ಕಿ ಅಂಗಡಿ ಯಾಕೆ ಬೇಕು? ರೈತ ಯಾಕೆ, ಗಾಡಿ ಯಾಕೆ, ಸಂತೆ ಯಾಕೆ? ಅದಕ್ಕೇ ಮೊದಲು ತೀರ್ಮಾನ ಆಗಬೇಕಾದದ್ದು ಮಂತ್ರ ಹಾಕಿದಾಗ ಏನು ಖರ್ಚಾಗುತ್ತದೆ ಅನ್ನುವುದು.

"ಶಕ್ತಿ ಖರ್ಚಾಗುತ್ತದೆ, ಆಯಾಸ ಆಗುತ್ತದೆ" ಅಂತ ಬರೆದು ಮುಂದೆ ಹೋಗಬೇಡಿ. ಆಯಾಸ ಆದವನು ಮಲಗಿ ಏಳುತ್ತಾನೆ, ಅಷ್ಟೇ. ಖರ್ಚು ಕಣ್ಣಿಗೆ ಕಾಣಬೇಕು, ಅಳೆಯಲು ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಂತ್ರ ಹಾಕದವನಿಗೂ ಅದರ ಬಿಸಿ ತಟ್ಟಬೇಕು.

ಹೊತ್ತಗೇರಿಯಲ್ಲಿ ಮಂತ್ರ ಕುಡಿಯುವುದು ನೀರನ್ನು. ಯಾರು ಎಲ್ಲಿ ನಿಂತು ಮಂತ್ರ ಹೇಳಿದರೂ ಹತ್ತಿರದ ಬಾವಿಯಲ್ಲಿ ನೀರು ಇಳಿಯುತ್ತದೆ. ದೀಪ ಹಚ್ಚುವ ಮಂತ್ರಕ್ಕೆ ಒಂದು ತಂಬಿಗೆ. ಕಲ್ಲು ಎತ್ತುವುದಕ್ಕೆ ಎರಡು ಕೊಡ. ಗಾಳಿಯಲ್ಲಿ ಹಾರಬೇಕಾದರೆ ಒಂದು ಕೇರಿಯ ಒಂದು ದಿನದ ನೀರು. ಊರ ನಡುವೆ 60 ಮೆಟ್ಟಿಲಿನ ಬಾವಿ ಇದೆ. ಮಳೆಗಾಲ ಮುಗಿದಾಗ ಐದು ಮೆಟ್ಟಿಲು ಕಾಣುತ್ತವೆ, ಬೇಸಿಗೆಯಲ್ಲಿ ನಲವತ್ತು. ಅಲ್ಲಿ ಜನ ಬೆಳಿಗ್ಗೆ ಎದುರಾದರೆ "ಆರಾಮಾ?" ಅಂತ ಕೇಳುವುದಿಲ್ಲ. "ಇವತ್ತು ಎಷ್ಟು ಮೆಟ್ಟಿಲು?" ಅಂತ ಕೇಳುತ್ತಾರೆ.

ಈ ಒಂದು ನಿಯಮ ಇಟ್ಟಿದ್ದೇ ತಡ, ಉಳಿದದ್ದು ತಾನಾಗಿ ಬಂತು. ಪರೀಕ್ಷೆ ಬೇಸಿಗೆಯಲ್ಲಿ ಇಡುವ ಹಾಗಿಲ್ಲ, ಊರಿನವರು ದೊಣ್ಣೆ ಹಿಡಿದು ಬರುತ್ತಾರೆ. ಬಾವಿ ಪಕ್ಕದ ಮನೆಗೆ ಬಾಡಿಗೆ ಕಮ್ಮಿ, ಯಾಕಂದ್ರೆ ಅಲ್ಲಿ ಹುಡುಗರ ಕಾಟ ಜಾಸ್ತಿ. ಕದ್ದು ಮಂತ್ರ ಹಾಕುವವರು ಪಕ್ಕದ ಊರಿನ ಬಾವಿಯ ಹತ್ತಿರ ಹೋಗುತ್ತಾರೆ, ಹಾಗಾಗಿ ಪಕ್ಕದ ಊರಿಗೂ ಹೊತ್ತಗೇರಿಗೂ ಆಗಿಬರುವುದಿಲ್ಲ.

ನಿಮ್ಮ ಊರಿಗೆ ನೀರೇ ಆಗಬೇಕು ಅಂತೇನಿಲ್ಲ. ಉಪ್ಪು ಆಗಬಹುದು, ಬಿಸಿಲು ಆಗಬಹುದು, ಸುತ್ತಲಿನವರ ನಿದ್ದೆ ಆಗಬಹುದು. ಒಂದು ಹಾಳೆ ತೆಗೆದು ಸಣ್ಣದೊಂದು, ನಡುವಿನದೊಂದು, ದೊಡ್ಡದೊಂದು ಮಂತ್ರದ ಹೆಸರು ಬರೆಯಿರಿ. ಎದುರಿಗೆ ಖರ್ಚು ಬರೆಯಿರಿ. ಕಾದಂಬರಿ ಮುಗಿಯುವವರೆಗೂ ಆ ಹಾಳೆಯ ಲೆಕ್ಕ ತಪ್ಪಬಾರದು.

ಹೆಜ್ಜೆ 2: ಊರು ಮೊದಲೋ, ಶಾಲೆ ಮೊದಲೋ?

ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಊರಿನ ಸ್ವಭಾವ ತೀರ್ಮಾನ ಆಗುವುದೇ ಇಲ್ಲಿ.

ಮಣಿಪಾಲವನ್ನೇ ನೋಡಿ. ಅಲ್ಲಿ ಮೊದಲು ಇದ್ದದ್ದು ಬೋಳು ಗುಡ್ಡ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದ ಮೇಲೆ ಗುಡ್ಡದ ಮೇಲೆ ಊರು ಬೆಳೆಯಿತು. ಇಂಥ ಕಡೆ ಎಲ್ಲರೂ ಶಾಲೆಗಾಗಿಯೇ ಬಂದವರು. "ನಮ್ಮ ಜಾಗಕ್ಕೆ ನೀವು ಬಂದಿರಿ" ಅಂತ ಜಗಳ ತೆಗೆಯುವ ಹಳೇ ಪೇಟೆ ಶಾಲೆಯ ಬಾಗಿಲಲ್ಲಿ ಇರುವುದಿಲ್ಲ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಇದಕ್ಕೆ ಉಲ್ಟಾ. ಅಲ್ಲಿ ಮೊದಲಿಂದ ಪೇಟೆ ಇತ್ತು, ಓದುವವರು ಆಮೇಲೆ ಬಂದು ಸೇರಿಕೊಂಡರು. ಊರಿನವರ ಕಣ್ಣಲ್ಲಿ ಅವರು ಬಂದು ಹೋಗದೇ ಉಳಿದ ನೆಂಟರು. 1209ರಲ್ಲಿ ಜಗಳ ಜೋರಾಗಿ, ಊರಿನವರು ವಿದ್ಯಾರ್ಥಿಗಳನ್ನು ಗಲ್ಲಿಗೇರಿಸಿದಾಗ, ಓದುವವರು ಕಲಿಸುವವರು ಗಂಟುಮೂಟೆ ಕಟ್ಟಿ ಹೊರಟುಬಿಟ್ಟರು. ಅವರಲ್ಲಿ ಕೆಲವರು ಹೋಗಿ ಸೇರಿದ್ದು ಕೇಂಬ್ರಿಡ್ಜಿಗೆ. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು ಹೀಗೆ.

ಇದರಲ್ಲಿ ಕತೆಗಾರನಿಗೆ ಒಂದು ನಿಧಿ ಇದೆ. ಕಲ್ಲಿನ ಕಟ್ಟಡಕ್ಕೆ ಕಾಲಿಲ್ಲ, ಆದರೆ ಶಾಲೆಗೆ ಇದೆ. ಗುರುಗಳು ಸಿಟ್ಟಾದರೆ ಎದ್ದು ಹೋಗಬಹುದು. ಹೋದರೆ ಖಾನಾವಳಿ ಮುಚ್ಚುತ್ತದೆ, ಬಾಡಿಗೆ ಬೀಳುತ್ತದೆ. ಊರಿಗೆ ಶಾಲೆ ಕಂಡರೆ ಆಗುವುದಿಲ್ಲ, ಶಾಲೆ ಇಲ್ಲದೆ ಬದುಕೂ ನಡೆಯುವುದಿಲ್ಲ.

ಹೊತ್ತಗೇರಿಯಲ್ಲಿ ಮೊದಲಿಂದ ಇದ್ದವರು ಕುಂಬಾರರು. ಕೆರೆ ಮಣ್ಣು ಚೆನ್ನಾಗಿತ್ತು ಅಂತ ಬಂದವರು. ನೀರು ಚೆನ್ನಾಗಿದೆ ಅಂತ ಶಾಲೆ ಆಮೇಲೆ ಬಂತು. ಕೆರೆ ಒಂದೇ, ಬೇಕಾದವರು ಇಬ್ಬರು.

ಹೆಜ್ಜೆ 3: ಯಾರು ಅನ್ನ ಹಾಕುತ್ತಾರೆ?

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ನನ್ನ ಪ್ರಕಾರ ಇಡೀ ಊರು ನಿಂತಿರುವುದು ಈ ಪ್ರಶ್ನೆಯ ಮೇಲೆ.

ಸುಮ್ನೆ ಒಂದು ಲೆಕ್ಕ ಹಾಕೋಣ. 300 ಹುಡುಗರು, ಹೊತ್ತಿಗೆ ನಾಲ್ಕು ಜೋಳದ ರೊಟ್ಟಿ, ದಿನಕ್ಕೆ ಎರಡು ಹೊತ್ತು. ಒಟ್ಟು 2,400 ರೊಟ್ಟಿ. ಗಂಟೆಗೆ 50 ರೊಟ್ಟಿ ಬಡಿಯುತ್ತಾರೆ ಅಂತಿಟ್ಟುಕೊಂಡರೆ 48 ಗಂಟೆ ಕೆಲಸ. ಒಬ್ಬೊಬ್ಬರು ಆರು ಗಂಟೆ ಒಲೆ ಮುಂದೆ ಕೂತರೂ ಎಂಟು ಹೆಂಗಸರು ಬೇಕು. ಅವರಿಗೆ ಹಿಟ್ಟು ಬೀಸುವವರು, ಸೌದೆ ತರುವವರು, ನೀರು ಹೊರುವವರು ಬೇರೆ. ಇನ್ನೂ ಪಲ್ಯದ ಮಾತೇ ಎತ್ತಿಲ್ಲ ನೋಡಿ. ನನ್ನ ಏಳು ಅಂತಸ್ತಿನ ಗೋಪುರದಲ್ಲಿ ಏಳು ಗುರುಗಳಿದ್ದರು, ರೊಟ್ಟಿ ಬಡಿಯುವ ಒಬ್ಬ ಹೆಂಗಸೂ ಇರಲಿಲ್ಲ.

ನಮ್ಮ ಹಿಂದಿನವರು ಇದನ್ನು ಮರೆತಿರಲಿಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ 945ರ ಒಂದು ಶಾಸನ ಇದೆ, ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದ್ದು. ದೂರದ ಸೀಮೆಗಳಿಂದ ಬಂದು ಓದುವವರಿಗೆ ಅಲ್ಲಿ 27 ಮನೆಗಳಿದ್ದವು. ದೀಪದ ಎಣ್ಣೆಗೇ ಬೇರೆಯಾಗಿ 12 ನಿವರ್ತನ (ಆಗಿನ ಅಳತೆ) ಜಮೀನು. ನನಗೆ ತುಂಬಾ ಇಷ್ಟವಾದದ್ದು ಊರಿನವರು ಕೊಡಬೇಕಾದ ದುಡ್ಡಿನ ವಿಷಯ. ಮನೆಯಲ್ಲಿ ಮದುವೆ ಆದರೆ ಶಾಲೆಗೆ ಐದು ನಾಣ್ಯ, ಮುಂಜಿಗೆ ಎರಡೂವರೆ, ಮಗುವಿನ ಮೊದಲ ಕೂದಲು ತೆಗೆಸುವ ಚೌಲಕ್ಕೆ ಒಂದೂವರೆ. ಅಂದರೆ ಊರಲ್ಲಿ ಯಾರದೋ ಮಗಳಿಗೆ ಗಂಡು ಗೊತ್ತಾದರೆ ಶಾಲೆಯ ಖಜಾನೆಗೂ ಖುಷಿ!

ಕಲಬುರಗಿ ಜಿಲ್ಲೆಯ ನಾಗಾವಿಯದು ಇನ್ನೂ ದೊಡ್ಡದು. 1058ರ ಶಾಸನದ ಪ್ರಕಾರ ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ಆಗಿನ ದೊಡ್ಡ ವಿದ್ಯಾಕೇಂದ್ರದಲ್ಲಿ, ವೇದ ಓದುವವರು 200 ಜನ, ಶಾಸ್ತ್ರ ಓದುವವರು 52. ಕಲಿಸುವವರು ಎರಡೂ ಕಡೆ ಮೂರು ಮೂರು. ಪುಸ್ತಕ ಭಂಡಾರ ನೋಡಿಕೊಳ್ಳುವ ಸರಸ್ವತೀ ಭಂಡಾರಿಗಳು ಆರು ಜನ. ಕಲಿಸುವವರೂ ಆರು, ಪುಸ್ತಕ ಕಾಯುವವರೂ ಆರು. ಮಂತ್ರಶಾಲೆ ಬರೆಯುವವರು ಈ ಲೆಕ್ಕವನ್ನು ಒಂದು ಸಲ ಯೋಚಿಸಿ ನೋಡಿ. ನಿಮ್ಮ ಕತೆಯಲ್ಲಿ ಗ್ರಂಥಪಾಲಕ ಅಂದರೆ ಕನ್ನಡಕ ಹಾಕಿದ ಒಬ್ಬ ಮುದುಕ ಮಾತ್ರವಾ?

ನಳಂದಕ್ಕೆ ಅನ್ನ ಹಾಕುತ್ತಿದ್ದದ್ದು ಹಳ್ಳಿಗಳು. ಏಳನೇ ಶತಮಾನದಲ್ಲಿ ಅಲ್ಲಿ ಓದಿದ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗನ ಜೀವನಚರಿತ್ರೆ ಸುಮಾರು 100 ಹಳ್ಳಿಗಳ ಆದಾಯದ ಮಾತು ಹೇಳುತ್ತದೆ. ಅವನ ನಂತರ ಬಂದ ಇತ್ಸಿಂಗ್ 200ಕ್ಕೂ ಜಾಸ್ತಿ ಅನ್ನುತ್ತಾನೆ. ಅಕ್ಕಿ, ತುಪ್ಪ, ಹಾಲು ದಿನಾ ಬರುತ್ತಿತ್ತು. ಆ ಹಳ್ಳಿಯ ಒಬ್ಬ ರೈತನ ಕಡೆಯಿಂದ ನೋಡಿ. ಅವನ ಮಗನಿಗೆ ಅಕ್ಷರ ಬರುತ್ತದೋ ಇಲ್ಲವೋ, ಅವನ ಹಸುವಿನ ಹಾಲು ಮಾತ್ರ ದಿನಾ ಬೆಳಿಗ್ಗೆ ಪಂಡಿತರ ಮಠಕ್ಕೆ ಹೋಗುತ್ತದೆ. ಮಂತ್ರಶಾಲೆಯ ಕತೆಯನ್ನು ಆ ರೈತನಿಂದ ಶುರು ಮಾಡಿದರೆ ಹೇಗಿರುತ್ತೆ!

ಇನ್ನು ನಮ್ಮ ವಾರಾನ್ನ. ಅಜ್ಜಂದಿರ ಕಾಲದವರಿಗೆ ಚೆನ್ನಾಗಿ ಗೊತ್ತು. ಬಡ ಹುಡುಗ ಪಟ್ಟಣಕ್ಕೆ ಓದಲು ಬಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾರೋ ಒಬ್ಬರ ಮನೆ ತಪ್ಪಿದರೆ ಆ ದಿನ ಉಪವಾಸ. ಹೊತ್ತಗೇರಿಯಲ್ಲಿ ನಾನು ಇದನ್ನು ಹಾಗೇ ಇಟ್ಟೆ. ಬಡ ವಿದ್ಯಾರ್ಥಿಗೆ ವಾರದಲ್ಲಿ ಏಳು ಮನೆ. ಊಟಕ್ಕೆ ಬದಲಾಗಿ ಮನೆಗೊಂದು ಸಣ್ಣ ಮಂತ್ರ: ಸೋರುವ ಮಾಡು ಮುಚ್ಚುವುದು, ಅಜ್ಜಿಯ ಮಂಡಿನೋವು ಇಳಿಸುವುದು. ಗುರುವಾರದ ಮನೆಯವರು ಊಟ ಚೆನ್ನಾಗಿ ಹಾಕುತ್ತಾರೆ, ಆದರೆ ಕೇಳುವುದು ಪಕ್ಕದ ಮನೆಯವರಿಗೆ ಕೆಡುಕಾಗುವ ಮಂತ್ರ. ಆ ಹುಡುಗ ಏನು ಮಾಡುತ್ತಾನೆ? ನನ್ನ ಕಾದಂಬರಿಯ ಅರ್ಧ ಇಲ್ಲೇ ಹುಟ್ಟಿತು.

ಕೊನೆಗೆ ಖಾನಾವಳಿ. ನಾನು ಊಟ ಮಾಡುತ್ತಿದ್ದ ಖಾನಾವಳಿಯಲ್ಲಿ ಗೋಡೆಗೆ ದಾರ ಕಟ್ಟಿ ಒಂದು ಉದ್ದನೆಯ ಲೆಕ್ಕದ ಬುಕ್ಕು ತೂಗುಹಾಕಿದ್ದರು. ತಿಂದವರು ತಾವೇ ಬರೆದುಕೊಳ್ಳಬೇಕು. ಪುಟದ ತುದಿಗೆಲ್ಲ ಎಣ್ಣೆ, ಅರಿಶಿನದ ಬೆರಳಚ್ಚು. ಒಳಗೆ ಒಲೆ ಮುಂದೆ ಕೂತ ಅಕ್ಕಾರು ಬುಕ್ಕಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಎಕ್ಸ್‌ಟ್ರಾ ರೊಟ್ಟಿ ಮೂರು ತಿಂದು ಎರಡು ಅಂತ ಬರೆದೆ. ಪೆನ್ನು ಕೆಳಗಿಡುವುದರೊಳಗೆ ಒಳಗಿಂದ ದನಿ ಬಂತು: "ಮೂರು ತಿಂದು ಎರಡು ಬರದೀ ಏನ ತಮ್ಮಾ?" ನನಗೆ ಇವತ್ತಿಗೂ ಅದು ಹೇಗೆ ಗೊತ್ತಾಯಿತೋ ತಿಳಿಯದು. ಮಾಯಾವಿದ್ಯೆ ಅಂದರೆ ಅದೇ ಅಲ್ವಾ?

ನಿಮ್ಮ ಊರಿಗೂ ಇಂಥ ಒಂದು ಬುಕ್ಕು ಬೇಕು. ಶಾಲೆಗೆ ದುಡ್ಡು ಕೊಡುವವರು ಯಾರು, ವಿದ್ಯಾರ್ಥಿಗೆ ಸಾಲ ಕೊಡುವವರು ಯಾರು, ತೀರಿಸದಿದ್ದರೆ ಏನಾಗುತ್ತದೆ? ಮೂರಕ್ಕೂ ಉತ್ತರ ಬರೆದ ಮೇಲೆ ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 4: ಕಾಲಿನಿಂದ ನಕ್ಷೆ ಬಿಡಿಸಿ

ನಕ್ಷೆ ಅಂದ ತಕ್ಷಣ ಹದ್ದಿನ ಹಾಗೆ ಮೇಲಿಂದ ನೋಡಿ ಗೆರೆ ಎಳೆಯುವವರೇ ಜಾಸ್ತಿ. ನಾನು ಹೇಳುವುದು, ಒಬ್ಬ ಹುಡುಗನನ್ನು ಬೆಳಿಗ್ಗೆ ಎಬ್ಬಿಸಿ ನಡೆಸಿ. ರೂಮಿನಿಂದ ಬಾವಿಗೆ, ಬಾವಿಯಿಂದ ಪಾಠಕ್ಕೆ, ಪಾಠದಿಂದ ಊಟಕ್ಕೆ. ಅವನು ನಡೆದ ದಾರಿಯೇ ಪೇಟೆ ಬೀದಿ. ಗಂಟೆ ಹೊಡೆದರೆ ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ವಿದ್ಯಾರ್ಥಿಗಳ ರೂಮು. ಅದರಾಚೆ ಬಾಡಿಗೆ ಅಗ್ಗ, ಯಾಕಂದ್ರೆ ಅಲ್ಲಿದ್ದವನು ದಿನಾ ತಡ. ನಳಂದದಲ್ಲಿ ಸ್ನಾನಕ್ಕೂ ಗಂಟೆ ಇತ್ತು ಅಂತ ಇತ್ಸಿಂಗ್ ಬರೆದಿದ್ದಾನೆ. ಗಂಟೆ ಕೇಳಿದೊಡನೆ ನೂರಾರು ಜನ ಕೊಳಗಳ ಕಡೆ ಹೊರಡುತ್ತಿದ್ದರು. ಕಣ್ಣು ಮುಚ್ಚಿ ಆ ಸದ್ದು ಕೇಳಿಸಿಕೊಂಡರೆ ಸಾಕು, ನಕ್ಷೆ ಅರ್ಧ ಮುಗಿದ ಹಾಗೆ.

ಓದುವವರು ಜಾಸ್ತಿ ಆದಾಗ ಊರಿನ ಆಕಾರವೇ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಇಟಲಿಯ ಬೊಲೋನ್ಯಾ ಒಳ್ಳೆಯ ಉದಾಹರಣೆ. ವಿದ್ಯಾರ್ಥಿಗಳು, ಕೆಲಸಗಾರರು ಬಂದು ತುಂಬಿಕೊಂಡಂತೆ ಮನೆಗಳಲ್ಲಿ ಜಾಗ ಸಾಲಲಿಲ್ಲ. ಮನೆಯವರು ಮೇಲಂತಸ್ತನ್ನು ಬೀದಿಯ ಕಡೆಗೆ ಚಾಚಿ ಕಟ್ಟಿದರು. ಚಾಚಿದ ಕೋಣೆ ಬೀಳಬಾರದು ಅಂತ ಕೆಳಗೆ ಕಂಬ ಕೊಟ್ಟರು. ಕಂಬಗಳ ನಡುವೆ ಮಳೆ ಬಿಸಿಲಿಲ್ಲದ ಕಾಲುದಾರಿ ತಾನಾಗಿ ಆಯಿತು. ಬೇರೆ ಊರುಗಳು ಇಂಥ ಒತ್ತುವರಿಯನ್ನು ಕೆಡವಿಸಿದರೆ ಬೊಲೋನ್ಯಾ 1288ರಲ್ಲಿ ಹೊಸ ಮನೆಗೆ ಕಂಬಸಾಲು ಇರಲೇಬೇಕು ಅಂತ ಕಾನೂನು ಮಾಡಿತು. ಇವತ್ತು ಆ ಊರಲ್ಲಿ ಒಟ್ಟು 62 ಕಿಲೋಮೀಟರ್ ಕಂಬಸಾಲು ಇದೆ. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಹೊತ್ತಗೇರಿಯಲ್ಲಿ ಮನೆಗಳು ಬೀದಿಗೆ ಚಾಚಲಿಲ್ಲ, ಬಾವಿಯಿಂದ ಹಿಂದೆ ಸರಿದವು. ಯಾರಿಗೂ ತಮ್ಮ ಬಾವಿ ಶಾಲೆಗೆ "ಹತ್ತಿರದ ಬಾವಿ" ಆಗುವುದು ಬೇಡ. ಹಾಗಾಗಿ ಶಾಲೆಯ ಸುತ್ತ ಒಂದು ಬೋಳು ಬಯಲು. ಅಲ್ಲಿ ಬಾವಿ ತೋಡುವ ಹಾಗಿಲ್ಲ, ಬಾವಿ ಇಲ್ಲದೆ ಮನೆ ಕಟ್ಟುವವರಿಲ್ಲ. ರಾತ್ರಿ ಆ ಬಯಲಲ್ಲಿ ಏನೇನು ನಡೆಯುತ್ತದೆ ಅನ್ನುವುದು ನನ್ನ ಮೂರನೇ ಅಧ್ಯಾಯ.

ಹೆಜ್ಜೆ 5: ಫೇಲಾದವರನ್ನು ಮರೆಯಬೇಡಿ

ನಳಂದದ ಬಾಗಿಲಲ್ಲೇ ಪರೀಕ್ಷೆ ಇತ್ತು. ಹೊರಗಿಂದ ಬಂದವರಿಗೆ ದ್ವಾರಪಾಲಕ ಪಂಡಿತ ಕಷ್ಟದ ಪ್ರಶ್ನೆ ಕೇಳುತ್ತಿದ್ದ. ಹತ್ತರಲ್ಲಿ ಏಳೆಂಟು ಜನ ಸೋಲುತ್ತಿದ್ದರು ಅಂತ ಹ್ಯೂಯೆನ್ ತ್ಸಾಂಗ್ ಹೇಳುತ್ತಾನೆ. ಒಳಗೆ ಹೋದ ಇಬ್ಬರು ಮೂವರ ಕತೆ ಎಲ್ಲರೂ ಬರೆಯುತ್ತಾರೆ. ಆ ಏಳೆಂಟು ಜನ ಎಲ್ಲಿ ಹೋದರು?

ತಿಂಗಳುಗಟ್ಟಲೆ ನಡೆದು ಬಂದವನು ಅದೇ ಸಂಜೆ ವಾಪಸ್ ಹೋಗುತ್ತಾನಾ? ಊರಲ್ಲಿ ಅಪ್ಪನಿಗೆ ಏನು ಹೇಳುತ್ತಾನೆ? "ಮುಂದಿನ ವರ್ಷ ಮತ್ತೆ ಬರೀತೀನಿ" ಅಂತ ಅಲ್ಲೇ ರೂಮು ಮಾಡುತ್ತಾನೆ. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಜೊತೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಅಟೆಂಪ್ಟು, ಎರಡು ಅಟೆಂಪ್ಟು, ಆಮೇಲೆ ಅವನೇ ಹೊಸಬರಿಗೆ ಪಾಠ ಹೇಳಿಕೊಡುತ್ತಾನೆ. ಬೀದಿಯಲ್ಲಿ ಎಲ್ಲರೂ ಅವನಿಗೆ "ಸರ್" ಅನ್ನುತ್ತಾರೆ.

ಹಾಗಾಗಿ ಮಂತ್ರಶಾಲೆಯ ಊರು ಅಂದರೆ ಮಾಂತ್ರಿಕರ ಊರು ಅಲ್ಲ. ಅರ್ಧ ಮಂತ್ರ ಬಲ್ಲವರ ಊರು. ಹೊತ್ತಗೇರಿಯ ಕ್ಷೌರಿಕನಿಗೆ ಒಂದೂವರೆ ಮಂತ್ರ ಗೊತ್ತು. ಒಲೆ ಹಚ್ಚುವುದು ಬರುತ್ತದೆ, ಆರಿಸುವುದು ಬರುವುದಿಲ್ಲ. ಪ್ರವೇಶ ಪರೀಕ್ಷೆಯ ಹಳೇ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುವ ಮಾಸ್ತರರು ಒಂದು ಬೀದಿ ತುಂಬ ಇದ್ದಾರೆ. ಪುಸ್ತಕ ನಕಲು ಮಾಡಿಕೊಡುವವರು ಇನ್ನೊಂದು ಬೀದಿ. ಹಿಂದೆ ಬೊಲೋನ್ಯಾ, ಪ್ಯಾರಿಸ್‌ಗಳಲ್ಲಿ ಪಠ್ಯವನ್ನು ಬಿಡಿ ಬಿಡಿ ಕಟ್ಟುಗಳಾಗಿ ಬಾಡಿಗೆಗೆ ಕೊಡುತ್ತಿದ್ದರು. ಒಂದು ಕಟ್ಟು ಒಯ್ದು, ನಕಲು ಮಾಡಿ, ಹಿಂದಿರುಗಿಸಿ, ಮುಂದಿನದು ಪಡೆಯುವುದು. ಒಂದೇ ಪುಸ್ತಕವನ್ನು ಹತ್ತಾರು ಜನ ಒಟ್ಟಿಗೆ ನಕಲು ಮಾಡಬಹುದಿತ್ತು. ಇದನ್ನು ಮಂತ್ರದ ಪುಸ್ತಕಕ್ಕೆ ಹಚ್ಚಿ ನೋಡಿ. ಏಳನೇ ಕಟ್ಟು ಒಯ್ದವನು ವಾಪಸ್ ತರಲೇ ಇಲ್ಲ. ಈಗ ಊರಲ್ಲಿ ಎಲ್ಲರಿಗೂ ಆರನೇ ಕಟ್ಟಿನವರೆಗೆ ಮಾತ್ರ ಗೊತ್ತು!

ಶಾಲೆ ಇದ್ದ ಕಡೆ ಓದದವರೂ ಬಂದು ಸೇರುತ್ತಾರೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯ ಮಠ ದೊಡ್ಡ ವಿದ್ಯಾಕೇಂದ್ರ. 1162ರ ಶಾಸನದಲ್ಲಿ ಅಲ್ಲಿ ಕಲಿಸುತ್ತಿದ್ದ ವಿದ್ಯೆಗಳ ಉದ್ದದ ಪಟ್ಟಿಯೇ ಇದೆ. ಅದರ ಜೊತೆಗೇ ಅನ್ನ ಸಿಗುತ್ತಿದ್ದವರ ಪಟ್ಟಿಯೂ ಇದೆ: ದಿಕ್ಕಿಲ್ಲದವರು, ಕುಂಟರು, ಕುರುಡರು, ಕತೆ ಹೇಳುವವರು, ಹಾಡುವವರು, ಕುಣಿಯುವವರು. ರೋಗಿಗಳಿಗೆ ಔಷಧವೂ ಸಿಗುತ್ತಿತ್ತು. ನಿಮ್ಮ ಶಾಲೆಯ ಹೆಬ್ಬಾಗಿಲ ಮುಂದೆ ಮಧ್ಯಾಹ್ನ ಯಾರು ಯಾರು ಕೂತಿರುತ್ತಾರೆ ಅನ್ನುವುದನ್ನು ಈ ಪಟ್ಟಿ ನೋಡಿಕೊಂಡೇ ಬರೆಯಬಹುದು.

ಹೆಜ್ಜೆ 6: ತಪ್ಪು ಮಾಡಿದವನನ್ನು ಹಿಡಿಯುವವರು ಯಾರು?

ವಿದ್ಯಾರ್ಥಿಯೊಬ್ಬ ಕುಡಿದು ಸಂತೆಯಲ್ಲಿ ಮಂತ್ರ ಹಾಕಿ ಒಂದು ಕೇರಿಯ ಬಾವಿ ಒಣಗಿಸಿದ ಅಂತಿಟ್ಟುಕೊಳ್ಳಿ. ಅವನ ವಿಚಾರಣೆ ಊರ ಚಾವಡಿಯಲ್ಲೋ, ಶಾಲೆಯಲ್ಲೋ? ಹೊಸದಾಗಿ ಬರೆಯುವವರು ಇದನ್ನು ಹಾರಿಸಿಬಿಡುತ್ತಾರೆ. ನಿಜವಾದ ವಿದ್ಯಾನಗರಿಗಳಲ್ಲಿ ರಕ್ತ ಹರಿದದ್ದೇ ಇಂಥ ವಿಷಯಕ್ಕೆ.

1155ರ ಸುಮಾರಿಗೆ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ ಓದುವವರಿಗಾಗಿ ಒಂದು ಕಟ್ಟಳೆ ಹೊರಡಿಸಿದ. ವಿದ್ಯಾರ್ಥಿಯ ಮೇಲೆ ದೂರು ಬಂದರೆ ಊರಿನ ನ್ಯಾಯಾಧೀಶನ ಬದಲು ಅವನ ಗುರು ಅಥವಾ ಬಿಷಪ್ ವಿಚಾರಿಸಬಹುದು. ಜೊತೆಗೆ, ಒಬ್ಬನ ಸಾಲಕ್ಕೆ ಅವನ ಊರಿನವನು ಅಂತ ಇನ್ನೊಬ್ಬನನ್ನು ಹಿಡಿಯುವಂತಿಲ್ಲ. ಅಂದರೆ ಅದಕ್ಕೂ ಮೊದಲು ಹಿಡಿಯುತ್ತಿದ್ದರು ಅಂತಾಯ್ತು. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ತನ್ನದೇ ಜೈಲು ಇತ್ತು. ಒಳಗಿದ್ದ ಹುಡುಗರು ಗೋಡೆ ತುಂಬ ಚಿತ್ರ ಬರೆದಿದ್ದಾರೆ, ಈಗಲೂ ಹೋಗಿ ನೋಡಬಹುದು.

ಆಕ್ಸ್‌ಫರ್ಡ್‌ನಲ್ಲಿ 1355ರ ಫೆಬ್ರವರಿ 10ರಂದು ನಡೆದದ್ದಂತೂ ಯಾವ ಕಲ್ಪನೆಗೂ ಕಮ್ಮಿ ಇಲ್ಲ. ಒಂದು ಹೆಂಡದಂಗಡಿ. ವೈನ್ ಚೆನ್ನಾಗಿಲ್ಲ ಅಂತ ವಿದ್ಯಾರ್ಥಿಗಳು ತಗಾದೆ ತೆಗೆದರು. ಮಾತಿಗೆ ಮಾತು ಬೆಳೆದು ಅಂಗಡಿಯವನ ಮುಖಕ್ಕೇ ವೈನ್ ಎರಚಿದರು. ಊರಿನವರು ಗಂಟೆ ಬಾರಿಸಿ ಜನ ಸೇರಿಸಿದರು, ವಿದ್ಯಾರ್ಥಿಗಳೂ ಗಂಟೆ ಬಾರಿಸಿದರು. ಗಲಾಟೆ ನಿಂತಾಗ ಸುಮಾರು 63 ಜನ ಓದುವವರು, 30ರಷ್ಟು ಊರಿನವರು ಸತ್ತಿದ್ದರು. ರಾಜ ವಿಶ್ವವಿದ್ಯಾಲಯದ ಪರ ನಿಂತ. ಪೇಟೆಯ ಬ್ರೆಡ್ಡು, ಬಿಯರ್ ಬೆಲೆ ಮತ್ತು ತೂಕ ನೋಡುವ ಅಧಿಕಾರವೇ ಶಾಲೆಯ ಕೈಗೆ ಬಂತು. ಊರಿನ ಮೇಯರ್ ಪ್ರತಿ ವರ್ಷ ಅದೇ ದಿನ ಚರ್ಚಿಗೆ ಹೋಗಿ, ಸತ್ತ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದರಂತೆ 63 ಪೆನ್ನಿ ತಪ್ಪುಕಾಣಿಕೆ ಕೊಡಬೇಕಿತ್ತು. ಇದು 1825ರವರೆಗೆ ನಡೆಯಿತು. 470 ವರ್ಷ! ಕೊನೆಗೆ ಎರಡೂ ಕಡೆಯವರು ಅಧಿಕೃತವಾಗಿ ರಾಜಿ ಮಾಡಿಕೊಂಡದ್ದು 1955ರಲ್ಲಿ, ಮೇಯರ್‌ಗೆ ಗೌರವ ಪದವಿ ಕೊಟ್ಟು.

ಇದರಿಂದ ನಾನು ಎತ್ತಿಕೊಂಡದ್ದು ಯುದ್ಧವನ್ನಲ್ಲ, ಆ 63 ಪೆನ್ನಿಯನ್ನು. ಊರಿನ ನೆನಪು ಇಂಥ ಕಡೆ ಅಡಗಿರುತ್ತದೆ. ಹೊತ್ತಗೇರಿಯಲ್ಲಿ ಯುಗಾದಿ ಮರುದಿನ ಶಾಲೆಯ ಹಿರಿಯ ಗುರು ಬರಿಗಾಲಲ್ಲಿ ನಡೆದು ಬಂದು ಕುಂಬಾರರ ಬಾವಿಗೆ ಒಂಬತ್ತು ಕೊಡ ನೀರು ಸುರಿಯಬೇಕು. ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕುಂಬಾರರ ಅಜ್ಜಿಯೊಬ್ಬಳಿಗೆ ಗೊತ್ತಿದೆ. ಅವಳು ಹೇಳುವುದಿಲ್ಲ.

ಇನ್ನೊಂದು ತಮಾಷೆ. ಬೊಲೋನ್ಯಾದಲ್ಲಿ ಶಾಲೆ ನಡೆಸುತ್ತಿದ್ದದ್ದು ವಿದ್ಯಾರ್ಥಿಗಳೇ. ಅವರದೇ ಸಂಘ, ಸಂಬಳ ಕೊಡುವವರೂ ಅವರೇ. ಮೇಷ್ಟ್ರು ಪಾಠಕ್ಕೆ ತಡವಾಗಿ ಬಂದರೆ ದಂಡ. ಊರು ಬಿಟ್ಟು ಹೋಗಬೇಕಾದರೆ ವಿದ್ಯಾರ್ಥಿಗಳ ಅನುಮತಿ ಬೇಕು. ಗಡ್ಡದ ಮಾಂತ್ರಿಕ ಗುರುವಿಗೆ 19 ವರ್ಷದ ಹುಡುಗ ರಸೀದಿ ಹರಿದು ಕೊಡುವ ದೃಶ್ಯ ಯಾರಾದರೂ ಬರೆಯಿರಿ, ನಾನು ಮೊದಲು ಓದುತ್ತೇನೆ.

ಹೆಜ್ಜೆ 7: ರಜೆ

ಇದು ಬೇಗ ಮುಗಿಯುತ್ತದೆ. ವರ್ಷದ 12 ತಿಂಗಳು ಬರೆದು, ಯಾವಾಗ ಹುಡುಗರು ಬರುತ್ತಾರೆ, ಯಾವಾಗ ಹೋಗುತ್ತಾರೆ ಅಂತ ಗುರುತು ಹಾಕಿ. ರಜೆಯಲ್ಲಿ ಊರು ಹೇಗಿರುತ್ತದೆ ಅನ್ನುವುದನ್ನು ಮಾತ್ರ ಬಿಡಬೇಡಿ. ಖಾನಾವಳಿಗೆ ಬೀಗ, ನಾಯಿಗಳಿಗೆ ಬೇಜಾರು, ಬಾವಿಯಲ್ಲಿ ನೀರು. ಹೊತ್ತಗೇರಿಯ ಮದುವೆಗಳೆಲ್ಲ ರಜೆಯಲ್ಲೇ ನಡೆಯುತ್ತವೆ.

ಹೆಜ್ಜೆ 8: ಹೆಸರು ಇಡುವಾಗ

ಮಂತ್ರಪುರ, ಮಾಯಾವತಿ, ಇಂದ್ರಜಾಲಗಿರಿ. ದಯವಿಟ್ಟು ಬೇಡ. ಊರಿನ ಹೆಸರು ಬಾಯಿಂದ ಬಾಯಿಗೆ ಹೋಗಿ ಸವೆಯುತ್ತದೆ. ಮಣ್ಣುಪಳ್ಳ ಅನ್ನುವ ಕೆರೆಯ ಹೆಸರು ಸವೆದು ಮಣಿಪಾಲ ಆಯಿತು ಅಂತಾರೆ. ನನ್ನ ಊರು ಮೊದಲು ಹೊತ್ತಗೆಗೇರಿ. ಹೊತ್ತಗೆ ಅಂದರೆ ಪುಸ್ತಕ. ಸವೆದು ಹೊತ್ತಗೇರಿ ಆಯಿತು. ಈಗ ಅಲ್ಲಿನವರು ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುವ ಕೇರಿ ಅಂತ ಅರ್ಥ ಹೇಳುತ್ತಾರೆ. ತಪ್ಪು ಅರ್ಥ ಇದ್ದರೇನೇ ಊರಿಗೆ ವಯಸ್ಸಾಗಿದೆ ಅನ್ನಿಸುವುದು.

"ಮ್ಯಾಜಿಕ್"ಗೆ ಕನ್ನಡದಲ್ಲಿ ಒಂದೇ ಪದ ಇಲ್ಲ, ಅದು ನಮ್ಮ ಪುಣ್ಯ. ಮಾಟ ಅಂದರೆ ಕೆಡುಕಿನ ವಾಸನೆ. ಗಾರುಡಿ ಅಂದರೆ ಬೀದಿ, ಜನ, ಬುಟ್ಟಿ, ಹಾವು. ಇಂದ್ರಜಾಲ ಪುಸ್ತಕದ್ದು. ಯಕ್ಷಿಣಿ ವೇದಿಕೆ ಮೇಲಿನದು. ಮೋಡಿಯಲ್ಲಿ ಆಟವೂ ಇದೆ, ಮರುಳು ಮಾಡುವುದೂ ಇದೆ. ಶಾಲೆಯವರು ತಮ್ಮದನ್ನು "ವಿದ್ಯೆ" ಅನ್ನಲಿ, ಊರಿನವರು ಅದನ್ನೇ "ಮಾಟ" ಅನ್ನಲಿ. ಜಗಳ ಎಷ್ಟು ಹಳೆಯದು ಅಂತ ಒಂದೇ ಪದದಲ್ಲಿ ಗೊತ್ತಾಗುತ್ತದೆ. ಅಂದ ಹಾಗೆ ಮೋಡಿ ಅನ್ನುವುದು ಒಂದು ಲಿಪಿಯ ಹೆಸರೂ ಹೌದು. ಹಿಂದೆ ಮರಾಠಿ ಕಾಗದಪತ್ರ ಬರೆಯುತ್ತಿದ್ದದ್ದು ಅದರಲ್ಲೇ. ಈಗ ಅದನ್ನು ಓದಬಲ್ಲವರು ಕೆಲವೇ ಜನ. ಕಚೇರಿಯಲ್ಲಿ ಜಮೀನಿನ ಕಾಗದ ಇದೆ, ಲಿಪಿ ಓದುವವರಿಲ್ಲ. ಇದಕ್ಕಿಂತ ಒಳ್ಳೆಯ ಮಂತ್ರದ ಪುಸ್ತಕ ಬೇಕಾ?

ಕೊನೆಯ ಹೆಜ್ಜೆ: ಮಂತ್ರ ಬರದವರ ಒಂದು ದಿನ ಬರೆಯಿರಿ

ಕಾದಂಬರಿ ಶುರು ಮಾಡುವ ಮೊದಲು ಒಂದು ಪುಟ ಮಾತ್ರ. ಅದರಲ್ಲಿ ಮಾಂತ್ರಿಕ ಇರಬಾರದು. ಇದ್ದರೂ ಗಿರಾಕಿಯಾಗಿ ಬಂದು ಹೋಗಬೇಕು. ಆ ಪುಟದಲ್ಲಿ ಶಾಲೆ ಇರುವುದು ಓದುವವರಿಗೆ ತಾನಾಗಿ ಗೊತ್ತಾದರೆ ಊರು ನಿಂತಿದೆ. ಗೊತ್ತಾಗದಿದ್ದರೆ ಹೆಜ್ಜೆ 3ಕ್ಕೆ ವಾಪಸ್. ನಾನು ಐದು ಸಲ ವಾಪಸ್ ಹೋದೆ. ಆರನೇ ಸಲ ಬರೆದದ್ದು ಹೀಗಿತ್ತು:

ಗಂಗವ್ವ ಕತ್ತಲಿರುವಾಗಲೇ ಕೊಡ ಹಿಡಿದು ಬಾವಿಗೆ ಇಳಿದಳು. ಎಣಿಸುತ್ತಾ ಇಳಿಯುವುದು ಅವಳ ರೂಢಿ. ನಿನ್ನೆ ಮೂವತ್ತೆಂಟು ಇತ್ತು. ಮೂವತ್ತೆಂಟಕ್ಕೆ ಕಾಲಿಟ್ಟಾಗ ನೀರು ಸಿಗಲಿಲ್ಲ. ಮೂವತ್ತೊಂಬತ್ತು, ನಲವತ್ತು. ಅಲ್ಲಿ ಪಾದ ಒದ್ದೆಯಾಯಿತು. ಮೆಟ್ಟಿಲ ಮೂಲೆಯಲ್ಲಿ ಯಾರೋ ಕೂತು ಎದ್ದು ಹೋದ ಗುರುತು, ಪಕ್ಕದಲ್ಲಿ ಅರ್ಧ ತಿಂದ ರೊಟ್ಟಿ. ಅವಳು ಅದನ್ನು ಎತ್ತಿ ತಿರುಗಿಸಿ ನೋಡಿದಳು. ಅಂಚು ದಪ್ಪ, ನಡುವೆ ತೆಳು. ತನ್ನ ಕೈಯದೇ.

ಮನೆಗೆ ಬಂದು ಒಲೆ ಹಚ್ಚುವ ಮೊದಲು ಗೋಡೆಯ ಬುಕ್ಕು ಬಿಚ್ಚಿದಳು. ನಿನ್ನೆ ರಾತ್ರಿ ರೊಟ್ಟಿ ಕಟ್ಟಿಸಿಕೊಂಡು ಹೋದವರು ಮೂವರು. ಇಬ್ಬರಿಗೆ ಹಾರುವುದು ಇನ್ನೂ ಬರುವುದಿಲ್ಲ. ಮೂರನೆಯವನ ಹೆಸರಿನ ಮುಂದೆ ರೊಟ್ಟಿ ಎರಡು ಅಂತ ಇತ್ತು. ಅದರ ಕೆಳಗೆ ಅವಳು ಇದ್ದಿಲಿನಿಂದ ಬರೆದಳು: ಮೆಟ್ಟಿಲು ಎರಡು.